ಕಿವಿ ನೋಡುವ ಪೆಟ್ಟಿಗೆ

ಶಿವಣ್ಣ ಕಾಕಾ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ, ಗಿರಾಕಿಗಳು ತಮಗೇ ಗೊತ್ತಿಲ್ಲದಂತೆ ಮೇಜಿನ ಮೇಲೆ ಬಾಗುತ್ತಿದ್ದರು. ರಾಣೆಬೆನ್ನೂರಿನಲ್ಲಿ ಅವರದು ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿಯ ಅಂಗಡಿ. ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಕೆಲಸಕ್ಕೆ ಸೇರಿದ್ದೆ. ಬ್ಯಾಡಗಿಯಿಂದ ಬಂದ ತಕ್ಕಡಿ ಬಿಚ್ಚಿದರೆ ಒಳಗೆಲ್ಲ ಮೆಣಸಿನಕಾಯಿ ಪುಡಿ. ಸೀನುವಾಗ ಮಾತ್ರ ಕಾಕಾನ ಸದ್ದು ರಸ್ತೆಗೆ ಕೇಳುತ್ತಿತ್ತು.

ಅಂಥವರ ಹೆಂಡತಿಗೇ ಕಿವಿ ಮಂದವಾಗತೊಡಗಿತು. ದೇವರಿಗೆ ಇದಕ್ಕಿಂತ ಕೆಟ್ಟ ತಮಾಷೆ ಹೊಳೆಯಲಿಲ್ಲವೇನೋ. ಕೇಳುವ ಶಕ್ತಿ ಇನ್ನೂ ಇಳಿಯಬಹುದು, ಆಗಾಗ ಪರೀಕ್ಷೆ ಮಾಡಿಸುತ್ತಿರಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಗಂಗಮ್ಮ ಕಾಕುವಿಗೆ ಬಸ್ಸು ಹತ್ತಿದರೆ ವಾಂತಿ. ಹಾಗಾಗಿ ಮನೆಯಲ್ಲೇ ಕಿವಿ ನೋಡಲು ಕಾಕಾ ಒಂದು ಪೆಟ್ಟಿಗೆ ಕಟ್ಟಿದರು. ಅದರ ಜೀವವೆಲ್ಲ ಒಂದು ಡಿ.ಎ.ಸಿ. ಚಿಪ್ಪಿನಲ್ಲಿತ್ತು. ಅಂಕಿ ಕೊಟ್ಟರೆ ಅದಕ್ಕೆ ಸರಿಯಾದ ವೋಲ್ಟೇಜ್ ಕೊಡುವಂಥದು. ಹೆಡ್‌ಫೋನಿನಲ್ಲಿ ಕೂದಲೆಳೆಯಷ್ಟು ಸಣ್ಣ ಸ್ವರವನ್ನೂ ಅಳೆದು ನುಡಿಸಬಹುದಿತ್ತು. ಬೆಂಗಳೂರಿನಿಂದ ತರಿಸಿದ ಆ ಚಿಪ್ಪನ್ನು ಬೆಸೆದ ದಿನ ನನಗೆ ಫ್ಯಾನ್ ಕೂಡ ಹಾಕಗೊಡಲಿಲ್ಲ. "ತಡೀವಾ, ಅದು ಇನ್ನೂ ಕುಂತಿಲ್ಲ," ಎನ್ನುತ್ತ, ಮೀಟರಿನ ಅಂಕಿ ಅಲುಗಾಡದೆ ನಿಲ್ಲುವವರೆಗೆ ಕಾದರು.

ಪ್ರತಿ ಭಾನುವಾರ ಕಾಕು ಹೆಡ್‌ಫೋನ್ ಹಾಕಿಕೊಂಡು, ಕೇಳಿದಾಗಲೆಲ್ಲ ಬೆರಳೆತ್ತಬೇಕು. ಅತಿ ಸಣ್ಣ ಸ್ವರಕ್ಕೂ ಬೆರಳು ಏಳುತ್ತಿತ್ತು.

"ಇಳಿದಿಲ್ಲ ನೋಡು. ಡಾಕ್ಟರು ಸುಮ್ನ ಹೆದರ್ಸ್ಯಾರ," ಎಂದು ಕಾಕಾ ಹಿಗ್ಗುತ್ತಿದ್ದರು. ಆದರೆ ಪಡಸಾಲೆಯಿಂದ ಕರೆದರೆ ಕಾಕು ತಿರುಗುತ್ತಿರಲಿಲ್ಲ. ಅದಕ್ಕೆ ಕಾಕಾ ಕುಕ್ಕರಿನ ಸದ್ದಿನ ಮೇಲೆ ತಪ್ಪು ಹೊರಿಸುತ್ತಿದ್ದರು.

ಒಮ್ಮೆ ಸುಮ್ಮನೆ ಆ ಹೆಡ್‌ಫೋನನ್ನು ನಾನು ಹಾಕಿಕೊಂಡೆ. ಪ್ರತಿ ಸ್ವರಕ್ಕೆ ಮೊದಲು 'ಟಕ್' ಎಂದಿತು. ಸ್ವರಕ್ಕಿಂತ ಅದೇ ಜೋರು. ಕಾಕು ಬೆರಳೆತ್ತುತ್ತಿದ್ದುದು ಆ ಟಕ್ಕಿಗೆ. ಕಾಕಾ ಎಲ್ಲವನ್ನೂ ಮೀಟರಿನಲ್ಲಿ ನೋಡಿದ್ದರೇ ಹೊರತು ಕಿವಿಗೆ ಇಟ್ಟುಕೊಂಡಿರಲಿಲ್ಲ. ಹೇಳಿದ ಕೂಡಲೇ ಪೆಟ್ಟಿಗೆ ಬಿಚ್ಚಿದರು. ಹಳೆ ತಕ್ಕಡಿಗಳ ರೂಢಿಯಲ್ಲೇ ಎಲ್ಲ ಭಾಗಗಳ ಗ್ರೌಂಡ್ ತಂತಿಗಳನ್ನೂ ಒಂದೇ ದಪ್ಪ ತಂತಿಗೆ ಪೋಣಿಸಿಬಿಟ್ಟಿದ್ದರು. ಅಂಕಿ ಕಳಿಸುವ ಭಾಗದ ಗದ್ದಲ ಅದರಿಂದಲೇ ಹೆಡ್‌ಫೋನಿಗೆ ನುಗ್ಗುತ್ತಿತ್ತು. ಆ ಭಾಗದ ತಂತಿಯನ್ನೂ ಸ್ವರದ ಭಾಗದ ತಂತಿಯನ್ನೂ ಬೇರೆಯಾಗಿ ಎಳೆದು ಚಿಪ್ಪಿನ ಬುಡದಲ್ಲಿ ಮಾತ್ರ ಕೂಡಿಸಬೇಕಿತ್ತು.

ಅವರ ಮುಖ ನೋಡಲಾಗಲಿಲ್ಲ. "ಹಂಗ ಇರ್ಲಿ ಬಿಡ್ರಿ ಕಾಕಾ," ಎಂದೆ.

"ಸುಳ್ಳು ಹೇಳೋ ತಕ್ಕಡಿ ನಾ ಎಂದಾರ ಕೊಟ್ಟೇನೇನು, ಸುಮಾ?" ಎಂದು ಅವರು ತಂತಿ ಬಿಡಿಸಲು ಕುಳಿತರು.

ಆ ಭಾನುವಾರ ಟಕ್ ಇರಲಿಲ್ಲ. ಕಾಕಾ ಸ್ವರವನ್ನು ಸ್ವಲ್ಪಸ್ವಲ್ಪವೇ ಜೋರು ಮಾಡುತ್ತ ಹೋದರು. ಕಾಕುವಿನ ಬೆರಳು ತೊಡೆಯ ಮೇಲೆ ಹಾಗೇ ಇತ್ತು. ಸ್ವಲ್ಪ ಹೊತ್ತು ನೋಡಿ ಕಾಕುವೇ ಕೇಳಿದರು:

"ಇನ್ನೂ ಶುರು ಮಾಡಿಲ್ಲೇನ್ರಿ?"

ಹಾವೇರಿಯಿಂದ ತಂದ ಕಿವಿ ಮಶೀನಿನಿಂದಲೂ ಅಷ್ಟೇನೂ ಉಪಯೋಗವಾಗಲಿಲ್ಲ. ಕಾಕಾ ಕೂಗಿ ಮಾತಾಡುವುದನ್ನು ಕಲಿತರು. ಮರೆತು ಅಂಗಡಿಯಲ್ಲೂ ಕೂಗುವರು, ಗಿರಾಕಿಗಳು ಬೆಚ್ಚಿಬಿದ್ದಾಗ ನಾಚಿಕೊಳ್ಳುವರು. ಆ ದನಿ ಅವರದಲ್ಲ. ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಮುಂದಿನ ವರ್ಷ ಕಾಕಾ ಎದೆನೋವು ಬಂದು ಮನೆಯಲ್ಲೇ ತೀರಿಕೊಂಡರು. ನಾನು ಹೋದಾಗ ಕಾಕು ನನ್ನ ಕೈ ಹಿಡಿದುಕೊಂಡರು.

"ಕಡೀಗೆ ಏನೋ ಅಂದ್ರವಾ. ತುಟಿ ಆಡಿದ್ದು ಕಾಣಿಸ್ತು," ಎಂದರು. "ಅವತ್ತ ಯಾಕೋ ಮೆಲ್ಲಕ ಅಂದ್ರು."