ಸಂಜೆಗೆ ಒಯ್ಯುವ ಬುತ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ತಾರಸಿಯ ಮೇಲೆ ಬಿಳಿಯಕ್ಕ ಒದ್ದೆ ಬೆಡ್‌ಶೀಟೊಂದನ್ನು ಎರಡೂ ಕೈಯಲ್ಲಿ ಹಿಡಿದು ಫಟಾರನೆ ಕೊಡವುತ್ತಾಳೆ. ಬಿಳಿ ಬಟ್ಟೆಗಳ ನಡುವೆಯೇ ಬದುಕು ಸವೆಸಿದ್ದಕ್ಕೆ ಜೊತೆಯವರು ಇಟ್ಟ ಹೆಸರದು. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಕಿಟಕಿಯಿಲ್ಲ, ಬ್ಲೀಚಿನ ಘಾಟು, ಯಂತ್ರಗಳ ಗಡಗಡ. ದಿನಕ್ಕೆ ಇನ್ನೂರು ಮುನ್ನೂರು ಬೆಡ್‌ಶೀಟುಗಳು ಅವಳ ಕೈ ದಾಟಿ ಹೋಗುತ್ತವೆ. ಒಣಗಿಸುವ ಯಂತ್ರ ಕೆಟ್ಟು, ಬಟ್ಟೆ ತಾರಸಿಗೇರತೊಡಗಿ ವರ್ಷವಾಯಿತು. ಅದು ರಿಪೇರಿಯಾಗದಿರಲಿ ಎಂದು ಒಳಗೊಳಗೇ ಬಯಸುವವಳು ಇವಳೊಬ್ಬಳೇ.

"ಅದು ಸರಿಹೋದ್ರೆ ನನಗೆ ಆಕಾಶ ಬಂದ್!"

ಆಕಾಶ ಬೇಕಾಗಿರುವುದು ಅತ್ತೆಗಾಗಿ. ಅವರ ಕಣ್ಣು ಹೋಗಿ ಬಹಳ ಕಾಲವಾಯಿತು. ಈಗ ಹಾಸಿಗೆಯನ್ನೂ ಹಿಡಿದಿದ್ದಾರೆ. ಮೊದಲೆಲ್ಲ ಸಂಜೆ ಸೊಸೆ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, ಒಳಕೋಣೆಯಿಂದ ಕೂಗು ಬರುತ್ತಿತ್ತು: "ಇವತ್ತೇನು ತಂದ್ಯೇ?" ತರಬೇಕಾದದ್ದು ಹಣ್ಣಲ್ಲ, ಬ್ರೆಡ್ಡಲ್ಲ. ದೇವರ ಸೃಷ್ಟಿಯಲ್ಲಿ ಆ ದಿನ ಕಣ್ಣಿಗೆ ಬಿದ್ದ ಒಂದೇ ಒಂದು ಸಂಗತಿ. ಅದನ್ನು ಕೇಳಿಸಿಕೊಂಡು ಅತ್ತೆ ಎದೆಯ ಮೇಲೆ ಕೈಜೋಡಿಸಿ "ಸ್ತೋತ್ರ, ಕರ್ತನೇ" ಅನ್ನುತ್ತಿದ್ದರು. ಊಟ ಆಮೇಲೆ.

ಬಿಳಿಯಕ್ಕನ ಗಂಡ ತೀರಿಕೊಂಡದ್ದು ಇದೇ ಆಸ್ಪತ್ರೆಯಲ್ಲಿ. ಅವಳು ಕೆಲಸಕ್ಕೆ ಮರಳುವಷ್ಟರಲ್ಲಿ ಅವನು ಕಡೆಯದಾಗಿ ಮಲಗಿದ್ದ ಬೆಡ್‌ಶೀಟನ್ನು ಯಾರೋ ಒಗೆದು, ಮಡಿಸಿ, ರಾಶಿಗೆ ಸೇರಿಸಿಯಾಗಿತ್ತು. "ಈಗಲೂ ಒಂದೊಂದು ಕೊಡವುವಾಗ ಇದೇ ಏನೋ ಅನ್ಸುತ್ತೆ," ಅನ್ನುತ್ತಾಳೆ. ಸ್ತೋತ್ರ ಎಂಬ ಮಾತು ಅಂದಿನಿಂದ ಅವಳ ಬಾಯಿಗೆ ಬಂದಿಲ್ಲ. ಪ್ರಾರ್ಥನೆಗೆ ಕೂರುತ್ತಾಳೆ, ತುಟಿ ಅಲುಗಿಸುತ್ತಾಳೆ, ಅಷ್ಟೇ.

ಮಗನನ್ನು ಮಣ್ಣು ಮಾಡಿದ ಮೇಲೆ ಅತ್ತೆ ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದರು. ಒಂದು ಸಂಜೆ ಮತ್ತೆ ಅದೇ ಪ್ರಶ್ನೆ: ಏನು ತಂದ್ಯೇ? ಸೊಸೆಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಹೇಳಿದಳು: "ಕಾಮನಬಿಲ್ಲು."

"ಒಂದು ಹನಿ ಮಳೆ ಬಿದ್ದ ಸದ್ದಿಲ್ಲ, ಕಾಮನಬಿಲ್ಲಂತೆ! ಕಣ್ಣು ಹೋಗಿರೋದು ನನಗೋ ನಿನಗೋ? ನಾಳೆ ಸರಿಯಾಗಿ ನೋಡ್ಕೊಂಡು ಬಾ."

ಬೈಸಿಕೊಂಡ ಮೇಲೆ ನೋಡತೊಡಗಿದಳು. ಪೈಪಿನ ಬಿರುಕಿನಲ್ಲಿ ತಲೆಯೆತ್ತಿದ ಎರಡೆಲೆ. ಮೊದಲ ಬಿಸಿಲಿಗೆ ಒದ್ದೆ ಬಟ್ಟೆಗಳಿಂದ ಏಳುವ ಹಬೆ. ದುಃಖವೇನೂ ಕಡಿಮೆಯಾಗಲಿಲ್ಲ. ಆದರೆ ಬರಿಗೈಯಲ್ಲಿ ಮನೆಗೆ ಹೋದದ್ದಿಲ್ಲ.

ಕಳೆದ ತಿಂಗಳು ಲಕ್ವ ಹೊಡೆದು ಅತ್ತೆಯ ಮಾತೂ ನಿಂತಿತು. ಇನ್ನು ಹೆಚ್ಚು ದಿನವಿಲ್ಲ ಎಂದಿದ್ದಾರೆ ಡಾಕ್ಟರು. ಚಪ್ಪಲಿಯ ಸದ್ದಿಗೆ ಈಗಲೂ ಅವರ ಮುಖ ಬಾಗಿಲಿಗೆ ತಿರುಗುತ್ತದೆ. ಸೊಸೆ ಪಕ್ಕದಲ್ಲಿ ಕೂತು ಹೇಳುತ್ತಾಳೆ. ಅತ್ತೆಯ ಇನ್ನೂ ಆಡುವ ಒಂದು ಕೈ ತೆವಳಿಕೊಂಡು ಎದೆಯ ಮೇಲೆ ಬರುತ್ತದೆ. ಆಮೇಲೆ ಇಬ್ಬರೂ ಸುಮ್ಮನೆ ಕಾಯುತ್ತಾರೆ. ಸ್ತೋತ್ರ ಎಂಬ ಆ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ತಾರಸಿಯಲ್ಲಿ ಬಿಳಿಯಕ್ಕನ ಕೈ ತಟ್ಟನೆ ನಿಲ್ಲುತ್ತದೆ. ಬೆಡ್‌ಶೀಟಿನ ಅಂಚಿನಲ್ಲಿ ತೂಗುವ ಹನಿಗೆ ಕಣಜದ ಹುಳವೊಂದು ಬಾಯಿಟ್ಟಿದೆ.

"ಏನಕ್ಕಾ, ಬಟ್ಟೆ ಜೊತೆ ನೀವೂ ಒಣಗ್ತೀರಾ?" ಬುಟ್ಟಿ ಹೊತ್ತು ಬಂದ ಇಸ್ತ್ರಿಯವಳು ಛೇಡಿಸುತ್ತಾಳೆ.

"ಶ್! ಕುಡೀಲಿ ಬಿಡೇ. ಸೊಂಟ ನೋಡು, ದಾರದ ಹಾಗಿದೆ. ಆ ನೀರು ಅದರೊಳಗೆ ಹೇಗೆ ದಾಟುತ್ತೋ!" ಮುಖದ ಮೇಲೆ ನಗೆಯೊಂದು ಸುಳಿದು ಹೋಗುತ್ತದೆ. ಸಂಜೆಯ ಬುತ್ತಿ ಸಿಕ್ಕಿತು.

ಆಸೆ ಏನಾದರೂ ಇದೆಯೇ ಎಂದರೆ ಅವಳದು ಒಂದೇ. "ಅತ್ತೆ ಹೋಗೋದ್ರೊಳಗೆ ಒಂದ್ಸಲ ನಾನು ಸ್ತೋತ್ರ ಅನ್ಬೇಕು. ಅವರ ಕಿವಿಗೆ ಬೀಳೋ ಹಾಗೆ."

"ಒಂದು ಮಾತು ತಾನೇ? ಮುದುಕಿ ಸಮಾಧಾನಕ್ಕೆ ಸುಮ್ನೆ ಅಂದ್ಬಿಡಿ," ಅನ್ನುತ್ತಾಳೆ ಇಸ್ತ್ರಿಯವಳು.

ಬಿಳಿಯಕ್ಕ ಹಲ್ಲಲ್ಲಿ ಕಚ್ಚಿದ್ದ ಕ್ಲಿಪ್ಪು ತೆಗೆದು ಹಗ್ಗಕ್ಕೆ ಸಿಕ್ಕಿಸುತ್ತಾಳೆ.

"ಅವರಿಗೆ ಕಣ್ಣು ಕಾಣಲ್ಲ, ಮಾತು ಬರಲ್ಲ. ಸುಳ್ಳು ಮಾತ್ರ ಈಗಲೂ ಗೊತ್ತಾಗುತ್ತೆ ಕಣೇ."