ಮುರುಗಲಿನಲ್ಲಿ ಅದ್ದಿದ ಹತ್ತಿ

ಮೊನ್ನೆ ಕುಮಟೆಯಲ್ಲಿ ಪರಿಚಯದವರ ಮನೆಗೆ ಹೋದಾಗ ಮುರುಗಲು ಹಣ್ಣಿನ ಶರಬತ್ತು ಕೊಟ್ಟರು. ಲೋಟ ಬಾಯಿಯ ಹತ್ತಿರ ಬಂದಾಗ ಆ ಹುಳಿವಾಸನೆಗೆ ಕೈ ನಿಂತಿತು. ಹೊನ್ನಾವರದ ಸೋಡಾ ಅಂಗಡಿ ಮಾವ ನೆನಪಾದರು...

ಅವರು ನಮ್ಮ ಪಕ್ಕದ ಮನೆಯವರು. ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ. ನಾನು ಕಾಲೇಜಿನಿಂದ ಬರುವಾಗ ಕರೆದು ಶರಬತ್ತು ಕೊಡುತ್ತಿದ್ದರು. "ಉಪ್ಪು ಸರಿ ಆತಾ?" ಎಂದು ಕೇಳದೆ ಲೋಟ ವಾಪಸ್ ತೆಗೆದುಕೊಂಡವರಲ್ಲ.

ಮಾವನ ಗಂಟಲಿನ ಕ್ಯಾನ್ಸರ್ ಗೊತ್ತಾಗುವಾಗ ತಡವಾಗಿತ್ತು. ಇನ್ನು ಮನೆಯಲ್ಲೇ ನೋವಾಗದಂತೆ ನೋಡಿಕೊಳ್ಳಿ ಎಂದರು ಡಾಕ್ಟರು. ಕೈಬಿಟ್ಟರು ಎಂದೇ ನಾವೆಲ್ಲ ತಿಳಿದೆವು. ಆದರೆ ನೋವಿನ ಔಷಧ ಕೊಡಲು, ಹುಣ್ಣು ತೊಳೆಯಲು ಒಬ್ಬರು ನರ್ಸಮ್ಮ ಮನೆಗೇ ಬರತೊಡಗಿದರು. ಮಾವ ಮತ್ತೆ ನಿದ್ದೆ ಮಾಡಿದರು, ತಮಾಷೆ ಮಾಡಿದರು.

ನುಂಗುವುದು ನಿಂತಾಗ ನರ್ಸಮ್ಮ ಹೇಳಿದರು: "ಚಮಚದಲ್ಲಿ ಎಂತದೂ ಬಿಡಬೇಡಿ, ಉಸಿರಿನ ದಾರಿಗೆ ಹೋಗ್ತದೆ. ಹತ್ತಿ ಅದ್ದಿ, ಹಿಂಡಿ, ತುಟಿ ನಾಲಿಗೆ ಒರೆಸಿ."

"ಬಾಯಾರಿಕೊಂಡೇ ಹೋದ್ರೆ?" ಮಾವನ ಹೆಂಡತಿ ಅತ್ತೆ ಕೇಳಿದರು.

"ಬಾಯಿ ಒಣಗದಂಗೆ ನೋಡ್ಕೊಳ್ಳಿ ಅಮ್ಮ, ಅಷ್ಟು ಸಾಕು. ಬೇಕಾದ್ರೆ ಶರಬತ್ತನ್ನೇ ತೆಳ್ಳಗೆ ಮಾಡಿ."

ಮಾವ ಪಿಸುಗುಟ್ಟಿದರು: "ಊರಿಗೆಲ್ಲ ಲೋಟಗಟ್ಟಲೆ ಕುಡಿಸಿದೆ. ನಂಗೆ ಹತ್ತಿಯಲ್ಲಿ!"

ಕೊನೆಗೆ ಕರ್ಕಿಯಿಂದ ಅತ್ತೆಯ ಅಕ್ಕ ಬಂದರು. ಹೋಗುವವರ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಪದ್ಧತಿ. ತಂಗಿಯ ಕೈಯಲ್ಲಿ ಹತ್ತಿ ಕಂಡು ಸಿಟ್ಟೇ ಬಂತು. "ಒಂದು ತೊಟ್ಟು ನೀರು ಬಿಡದೇ ಕಳಿಸ್ತಿಯೇನೇ? ಎಂತ ಹೆಂಗಸೇ ನೀನು?" ಎನ್ನುತ್ತಲೇ ಗಿಂಡಿ ಎತ್ತಿ ಬಾಯಿಗೆ ಬಗ್ಗಿಸಿದರು.

ಆ ಸದ್ದು... ಅದು ಕೆಮ್ಮಲ್ಲ. ಮಾವನ ಕಣ್ಣು ದೊಡ್ಡದಾಯಿತು, ತುಟಿ ನೀಲಿಗಟ್ಟಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಮಾತ್ರ ನರ್ಸಮ್ಮ ತೋರಿಸಿಕೊಟ್ಟ ಹಾಗೆ ಅವರನ್ನು ಮಗ್ಗುಲಿಗೆ ಹೊರಳಿಸಿ, ಬಾಯೊಳಗಿನ ನೀರು ಒರೆಸಿ, ಬೆನ್ನು ಸವರುತ್ತ ಕೂತರು. ಉಸಿರು ಮರಳಿತು. ಇಂದಿಗೂ ಯಾರಾದರೂ ನೀರು ಕುಡಿದು ಕೆಮ್ಮಿದರೆ ಆ ಬಾಗಿಲಲ್ಲೇ ಇರುತ್ತೇನೆ.

ಅಕ್ಕ ಗಿಂಡಿ ಕೆಳಗಿಟ್ಟರು. "ನಾನೇ ಕೊಂದುಬಿಡ್ತಿದ್ನಲ್ಲೇ..."

ಅತ್ತೆ ಬೈಯಲಿಲ್ಲ. ಮಾವನ ಉಸಿರು ಹದಕ್ಕೆ ಬರುವವರೆಗೆ ಕಾದು, ಶರಬತ್ತಿನಲ್ಲಿ ಹತ್ತಿ ಅದ್ದಿ, ಹಿಂಡಿ, ಅಕ್ಕನ ಕೈಗಿಟ್ಟರು. "ಬಾ ಅಕ್ಕ, ನೀನೇ ಕೊಡು."

ಅಕ್ಕ ಅದನ್ನು ತುಟಿಗೆ ಮುಟ್ಟಿಸಿದರು. ಮಾವ ನಾಲಿಗೆಯಾಡಿಸಿದರು. "ಉಪ್ಪು... ಕಮ್ಮಿ ಆತು."

ಅಕ್ಕತಂಗಿ ಅಳುತ್ತಲೇ ನಕ್ಕುಬಿಟ್ಟರು. ಮಾರನೆಯ ಬೆಳಿಗ್ಗೆ ಮಾವ ನರಳದೆ ಹೋದರು, ತುಟಿ ಒಣಗಿರಲಿಲ್ಲ.

ಆ ಅಂಗಡಿ ಇದ್ದಲ್ಲಿ ಈಗ ಹೆದ್ದಾರಿ. ಅತ್ತೆಯೂ ಇಲ್ಲ. ಕುಮಟೆಯ ಮನೆಯವರು, "ಉಪ್ಪು ಸಾಕಾ?" ಎಂದು ಕೇಳಿದರು. ಸಾಕು ಎಂದೆ. ಕಮ್ಮಿ ಇತ್ತು...