ಮೊದಲು ತಲೆ, ಆಮೇಲೆ ವಿಂಡೋಸ್

ಭಾನುವಾರ ಬೆಳಗ್ಗೆ ಆರೂವರೆ. ಜಯನಗರ ನಾಲ್ಕನೇ ಟಿ ಬ್ಲಾಕ್‌ನ ಒಂದು ಮನೆಯ ಮಹಡಿ ಕೋಣೆ. ಶ್ವೇತಾ ಮೇಜಿನ ಕೆಳಗೆ ಕೂತು ಕಂಪ್ಯೂಟರಿನ ಹಿಂದಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದಾರೆ. ಬಾಯಲ್ಲಿ ಶುಂಠಿ ಚೂರು. ಎದ್ದು, ಸುತ್ತಲೂ ಆಟದ ಲೋಕ ಕಾಣಿಸುವ ವಿಆರ್ ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡು, ಮೇಜಿಗೆ ತಿರುಪು ಹಾಕಿ ಕೂರಿಸಿದ ವಿಮಾನದ ಸ್ಟಿಯರಿಂಗ್ ಹಿಡಿದು ಎದೆಯ ಕಡೆಗೆ ಎಳೆಯುತ್ತಾರೆ. ಪಕ್ಕದ ಮಾನಿಟರ್‌ನಲ್ಲಿ ಪುಟ್ಟ ವಿಮಾನವೊಂದು ಜಕ್ಕೂರಿನ ರನ್‌ವೇ ಬಿಟ್ಟು ಏಳುತ್ತದೆ.

"ಬಂತು! ಬಂತು!"

"ಏನಮ್ಮ ಬಂತು?" ಕಾಫಿ ಲೋಟ ಹಿಡಿದು ಬಂದ ಮನೆಯೊಡತಿ ಚೂಡಾಮಣಿ ಕೇಳುತ್ತಾರೆ.

"ಆಕಾಶ ಬಂತ್ರಿ ಆಂಟಿ. ಇನ್ನ ಅಂಕಲ್ ತಲೀಗೆ ಹಾಕಿದಾಗೂ ಇರಬೇಕಷ್ಟ."

ಅಂಕಲ್ ಎಂದರೆ ಚೂಡಾಮಣಿಯವರ ಪತಿ ಮಾಧವ ರಾಯರು, ವಿಮಾ ಕಚೇರಿಯಿಂದ ನಿವೃತ್ತರಾದವರು. ದಿನವೂ ಒಂದು ಊರಿಂದ ಇನ್ನೊಂದು ಊರಿಗೆ ಆಟದ ವಿಮಾನ ಹಾರಿಸುತ್ತಾರೆ. ಮೂರು ವಾರದಿಂದ ಅವರು ಹೆಡ್‌ಸೆಟ್ ಹಾಕಿದರೆ ಸಾಕು, ಕಣ್ಣ ಮುಂದೆ ಬರೀ ಕಪ್ಪು. ಬೇರೆ ವಾರವಾದರೆ ನಡೆಯುತ್ತಿತ್ತು. ಇವತ್ತು ಒಂಬತ್ತಕ್ಕೆ ರವಿಕಿರಣ್ ಬರುತ್ತಾರೆ. ಅವರು ಹಿಂದೆ ಪೈಲಟ್ ಆಗಿದ್ದವರು. ಪೈಲಟ್ ಆಗಬಯಸುವ ಹುಡುಗ ಹುಡುಗಿಯರಿಗಾಗಿ ಬೇಗೂರಿನಲ್ಲಿ ಎಂಟು ಸೀಟಿನ ಅಭ್ಯಾಸ ಕೋಣೆ ತೆರೆಯುತ್ತಿದ್ದಾರೆ; ಎಂಟು ಜನ ಆಗಲೇ ಹೆಸರು ಕೊಟ್ಟಿದ್ದಾರೆ. ಶ್ವೇತಾ ಕೂರಿಸಿಕೊಟ್ಟ ಒಂದು ಸೆಟ್ ಕಣ್ಣಾರೆ ಕಂಡು ಒಪ್ಪಿದರೆ ಎಂಟೂ ಸೀಟಿನ ಕೆಲಸ ಅವರಿಗೇ. ಒಪ್ಪದಿದ್ದರೆ ಶ್ವೇತಾ ಬಿಟಿಎಂ ಬಡಾವಣೆಯ ಲ್ಯಾಪ್‌ಟಾಪ್ ರಿಪೇರಿ ಕೌಂಟರಿಗೆ ವಾಪಸ್. ಅದನ್ನು ಬಿಟ್ಟು ಬಂದು ವರ್ಷವಾಗಿದೆ, ಕೈಯಲ್ಲಿ ಬೇರೆ ದೊಡ್ಡ ಕೆಲಸವಿಲ್ಲ.

ಇದು ಸಮಾಜಸೇವೆಯಲ್ಲ, ಆಟದ ಕೆಲಸ. ದುಡ್ಡಿದ್ದವರ ಆಟ ಎಂದು ಮೂಗು ಮುರಿಯುವುದು ಸುಲಭ. ಆದರೆ ಈ ಆಟಕ್ಕೆ ಸರಿಯಾದ ಸಾಮಾನು ಆರಿಸುವುದು ಸುಲಭವಲ್ಲ. ಹೆಡ್‌ಸೆಟ್ ಚೆನ್ನಾಗಿದ್ದು ಕಂಪ್ಯೂಟರ್ ಸೋತರೆ ಚಿತ್ರ ತಡವರಿಸುತ್ತದೆ. ಚಿತ್ರ ತಡವರಿಸಿದರೆ ಹೊಟ್ಟೆ ತೊಳಸುತ್ತದೆ. ಎರಡೂ ಸರಿಯಿದ್ದು ವಿಂಡೋಸ್ ತಪ್ಪಿದ್ದರೆ ಹೆಡ್‌ಸೆಟ್ಟು ಕಂಪ್ಯೂಟರಿನ ಲೆಕ್ಕಕ್ಕೆ ಇಲ್ಲವೇ ಇಲ್ಲ. ಜೆ.ಪಿ. ನಗರದ ದಂತವೈದ್ಯರೊಬ್ಬರು ಅಂಗಡಿಯ ಅತಿ ದುಬಾರಿ ಹೆಡ್‌ಸೆಟ್ ತಂದು, ಹಾಕಿಕೊಂಡ ಹತ್ತೇ ನಿಮಿಷಕ್ಕೆ ಬಚ್ಚಲಿಗೆ ಓಡಿದ್ದರು. ಅವರ ಕಂಪ್ಯೂಟರ್ ಸರಿಮಾಡಲು ಕೌಂಟರಿನಿಂದ ಹೋದದ್ದೇ ಶ್ವೇತಾ ಅವರ ಮೊದಲ ವಿಮಾನದ ಕೆಲಸ.

ಅವರಿಗೆ ಈಗ ಇಪ್ಪತ್ತೊಂಬತ್ತು. ಊರು ಇಳಕಲ್ ಹತ್ತಿರ. ಡಿಪ್ಲೊಮಾ ಮುಗಿಸಿ ಬಂದವರು ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಗಿರಾಕಿಯ ಕಂಪ್ಯೂಟರ್ ನಿಲ್ಲಿಸಿಕೊಂಡು ಸಾರಕ್ಕಿ ಸಿಗ್ನಲ್ ದಾಟುವುದೇ ತಮ್ಮ ಕೆಲಸದ ಅತಿ ಅಪಾಯದ ಭಾಗ ಎನ್ನುತ್ತಾರೆ. ಬಾಗಿಲು ತೆರೆದವರು ಇವರ ಹಿಂದೆ ಇಣುಕಿ "ಎಂಜಿನಿಯರ್ ಎಲ್ಲಮ್ಮ?" ಎಂದು ಕೇಳುವುದು ಇನ್ನೂ ನಿಂತಿಲ್ಲ. "ಪಾರ್ಕಿಂಗ್ ಮಾಡಾಕ ಹೋಗ್ಯಾರ್ರಿ ಅಂತೀನಿ. ಅವ್ರು ಬರೂದ್ರಾಗ ನನ್ ಕೆಲ್ಸ ಮುಗದಿರತೈತಿ."

ಅವರ ಅಳತೆಯ ಸಾಮಾನುಗಳು ತಮಾಷೆಯಾಗಿವೆ. ಒಂದು ಹಳೆಯ ಬೈಕ್ ಹೆಲ್ಮೆಟ್, ಅದರ ಮುಂಭಾಗಕ್ಕೆ ಕಟ್ಟಿದ ಅರ್ಧ ಕೆಜಿ ಅಕ್ಕಿ ಚೀಲ. ಹೊಸ ಗಿರಾಕಿ ಅದನ್ನು ಹಾಕಿಕೊಂಡು ಒಂದು ಗಂಟೆ ಟಿವಿ ನೋಡಬೇಕು. ಕುತ್ತಿಗೆ ನೋಯುವವರಿಗೆ ಹಗುರದ ಹೆಡ್‌ಸೆಟ್ ಮಾತ್ರ.

"ನಮ್ಮನೆಯವರು ತಲೆ ಮೇಲೆ ಅಕ್ಕಿ ಹೊತ್ಕೊಂಡು ಪೂರಾ ಧಾರಾವಾಹಿ ನೋಡಿದ್ರು" ಎಂದು ಚೂಡಾಮಣಿ ನಗುತ್ತಾರೆ. "ಮದುವೆಯಾದಾಗಿಂದ ಅದೊಂದೇ ದಿನ ನನ್ ಜೊತೆ ಕೂತಿದ್ದು."

ಆಮೇಲೆ ಕಣ್ಣುಗಳ ನಡುವಿನ ಅಂತರ, ಕನ್ನಡಕದ ಅಗಲ. ಹೆಡ್‌ಸೆಟ್ಟಿನ ಕೊನೆಯ ಪರೀಕ್ಷೆ ಶ್ವೇತಾ ಅವರ ಹೊಟ್ಟೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಗದಿದ್ದರೆ ಊರಿಗೇ ಹೋಗದ ಜೀವ ಅದು. "ನನಗ ಲಗೂನ ಸಂಕಟ ಆಗತೈತ್ರಿ. ನಾ ಹತ್ತು ನಿಮಿಷ ಕುಂತು ಆರಾಮಿದ್ನೆಂದ್ರ ಯಾರ್ ಬೇಕಾದ್ರೂ ಕುಂಡ್ರಬಹುದು. ನನ್ ಹೊಟ್ಟೀನ ನನ್ ಮೀಟರ್." ಬಾಯಲ್ಲಿನ ಶುಂಠಿ ಅದಕ್ಕೇ.

ಕೊನೆಗೆ ಆಪರೇಟಿಂಗ್ ಸಿಸ್ಟಮ್. ರಾಯರ ಹೆಡ್‌ಸೆಟ್ ಹಳೆಯ ಮಾದರಿ, ಹೊಸ ವಿಂಡೋಸ್ ಅದರ ಬೆಂಬಲವನ್ನೇ ಕಿತ್ತುಹಾಕಿದೆ. ಒಂದು ಅಪ್‌ಡೇಟ್ ಆದದ್ದೇ ತಡ, ಒಳ್ಳೆಯ ಹೆಡ್‌ಸೆಟ್ ಬರೀ ಡಬ್ಬಿಯಾಯಿತು. ಶ್ವೇತಾ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಹಾಕಿ, ಹಾರಾಟಕ್ಕೆ ಮಾತ್ರ ಹಳೆಯ ವಿಂಡೋಸ್ ಕೂರಿಸಿ, ವೈರಸ್ಸಿನ ಭಯಕ್ಕೆ ಅದಕ್ಕೆ ಇಂಟರ್ನೆಟ್ ಸಿಗದಂತೆ ಮಾಡಿದರು. ಬ್ಯಾಂಕು, ಇಮೇಲ್ ಎಲ್ಲ ಇನ್ನೊಂದು ಡಿಸ್ಕಿನ ಹೊಸ ವಿಂಡೋಸ್‌ನಲ್ಲಿ. ವಿಂಡೋಸ್ ಬದಲು ಲಿನಕ್ಸ್? ಬನಶಂಕರಿಯ ಉಪನ್ಯಾಸಕರೊಬ್ಬರಿಗೆ ಅದನ್ನೂ ಹಾಕಿಕೊಟ್ಟಿದ್ದಾರೆ. "ಹಾರತೈತ್ರಿ. ಆದ್ರ ಹಾರೂದಕ್ಕಿಂತ ರಿಪೇರಿ ಮಾಡೂದ ಖುಷಿ ಅನ್ನೋರಿಗೆ ಅಷ್ಟ." ಎಲ್ಲಕ್ಕೂ ಅವರದು ಒಂದೇ ಕ್ರಮ: ಮೊದಲು ತಲೆ, ಆಮೇಲೆ ಹೆಡ್‌ಸೆಟ್, ಆಮೇಲೆ ವಿಂಡೋಸ್.

ರಾಯರ ಕಣ್ಣಿಗೆ ಕಪ್ಪು ಕವಿಯತೊಡಗಿದ್ದು ಈ ಡಿಸ್ಕ್ ಹಾಕಿದ ವಾರವೇ. ಹಾಗಾಗಿ ಎಲ್ಲರೂ ಹಳೆಯ ವಿಂಡೋಸನ್ನೇ ಬೈದರು. ಶ್ವೇತಾ ಕೂಡ. ಎರಡು ಸಲ ಅಳಿಸಿ ಹೊಸದಾಗಿ ಹಾಕಿದರು, ಕೇಬಲ್ ಬದಲಿಸಿದರು. ಇವತ್ತು ಬೆಳಗ್ಗೆ ರಾಯರು ಎದ್ದು ಬಂದ ಕೂಡಲೇ ಅವರನ್ನು ಕೂರಿಸಿ ನೋಡಿದರೆ ಚಿತ್ರ ಸ್ಫಟಿಕದಷ್ಟು ಸ್ಪಷ್ಟ. ರಾಯರು ಲಾಲ್‌ಬಾಗ್ ಮೇಲೆ ಎರಡು ಸುತ್ತು ಹೊಡೆದು, "ಗೆದ್ದೆ ಕಣಮ್ಮ!" ಎಂದು ಸ್ನಾನಕ್ಕೆ ಹೋದರು.

ಒಂಬತ್ತಕ್ಕೆ ರವಿಕಿರಣ್ ಬಂದರು. ರಾಯರು ಪೂಜೆ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಮಹಡಿ ಹತ್ತಿ ಬಂದು, ನಿಜವಾದ ಕ್ಯಾಪ್ಟನ್ ಗತ್ತಿನಲ್ಲಿ ಕೂತು ಹೆಡ್‌ಸೆಟ್ ಹಾಕಿಕೊಂಡರು.

"ಕಪ್ಪು" ಎಂದರು.

ರವಿಕಿರಣ್ ಕೈಗಡಿಯಾರ ನೋಡಿಕೊಂಡರು. ಶ್ವೇತಾ ಹೆಡ್‌ಸೆಟ್ ಕಸಿದು ತಾವೇ ಹಾಕಿಕೊಂಡರೆ ಆಕಾಶ ಇದೆ. ರವಿಕಿರಣ್ ತಲೆಗೆ ಹಾಕಿದರೂ ಇದೆ. ರಾಯರಿಗೆ ಮಾತ್ರ ಇಲ್ಲ.

"ಬೆಳಗ್ಗೆ ಬಂತು, ಪೂಜೆ ಆದ್ಮೇಲೆ ಹೋಯ್ತು. ದೇವರಿಗೇ ಇವರು ಹಾರೋದು ಇಷ್ಟ ಇಲ್ಲ ಅನ್ಸತ್ತೆ" ಎಂದರು ಚೂಡಾಮಣಿ.

"ಮೊದ್ಲೆಲ್ಲ ನಾನು ಎದ್ದ ತಕ್ಷಣ ಹಾರಿಸ್ತಿದ್ದೆ ಕಣೇ. ಈ ಡಾಕ್ಟರು ಬೆಳಗ್ಗೆ ವಾಕಿಂಗ್ ಹೋಗಿ ಅಂದ್ಮೇಲೆ ತಾನೆ ಪೂಜೆ ಆದ್ಮೇಲೆ ಕೂರೋ ಹಾಗಾಗಿದ್ದು."

"ಅಂದ್ರೆ ಯಾವಾಗಿಂದ?" ಎಂದರು ಚೂಡಾಮಣಿ.

"ಮೂರು ವಾರ ಆಯ್ತೇನೋ."

ಚೂಡಾಮಣಿ ಗಂಡನ ಹಣೆಯನ್ನೇ ನೋಡಿದರು. ಹುಬ್ಬುಗಳ ನಡುವಿಂದ ಮೇಲಕ್ಕೆ ಪೂಜೆಯ ಅಂಗಾರ, ಇದ್ದಿಲು ತೇಯ್ದು ಎಳೆದ ಕಪ್ಪು ಗೆರೆ. "ಶ್ವೇತಾ, ನಿಮ್ಮಿಬ್ಬರ ಹಣೇಲಿ ಇಲ್ಲದ್ದು ಇವರ ಹಣೇಲಿ ಇರೋದು ಇದೊಂದೇ ಕಣಮ್ಮ."

ಶ್ವೇತಾ ಹೆಡ್‌ಸೆಟ್ ತಿರುಗಿಸಿ ಒಳಗೆ ಇಣುಕಿದರು. ಮರುಕ್ಷಣ ಕೂಗಿಬಿಟ್ಟರು. "ಅಯ್ಯೋ ನನ್ನವ್ವ! ಸೆನ್ಸರ್ ರೀ ಅದು!"

ಎರಡು ಮಸೂರಗಳ ನಡುವೆ ಮೇಲ್ಗಡೆ ಒಂದು ಸಣ್ಣ ಕಣ್ಣಿದೆ. ನಮಗೆ ಕಾಣದ ಬೆಳಕನ್ನು ಹಣೆಗೆ ಬಿಟ್ಟು, ಅದು ತಿರುಗಿ ಬಂದರೆ ಯಾರೋ ಹಾಕಿಕೊಂಡಿದ್ದಾರೆ ಎಂದು ತೆರೆ ಹೊತ್ತಿಸುತ್ತದೆ. ಇದ್ದಿಲಿನ ಕಪ್ಪು ಆ ಬೆಳಕನ್ನು ನುಂಗುತ್ತಿತ್ತು. ಹೆಡ್‌ಸೆಟ್ ಪಾಲಿಗೆ ರಾಯರು ಅಲ್ಲಿರಲೇ ಇಲ್ಲ. "ಎರಡ್ ಸಲ ವಿಂಡೋಸ್ ಅಳಸೀನ್ರಿ ನಾ! ತಲಿ ಮೊದ್ಲು ಅಂತ ಊರಿಗೆಲ್ಲ ಹೇಳಿ, ಅಂಕಲ್ ಮಾರಿ ಮಾತ್ರ ನೋಡ್ಲಿಲ್ಲ" ಎಂದು ತಲೆ ಚಚ್ಚಿಕೊಂಡು ನಕ್ಕರು.

"ಒರೆಸಿಬಿಡಿ ರಾಯರೇ, ಎರಡು ನಿಮಿಷದ ಮಾತು" ಎಂದರು ರವಿಕಿರಣ್.

ರಾಯರ ಮುಖ ಬಿಗಿಯಿತು. ಅವರು ಬಾಯಿ ತೆರೆಯುವ ಮೊದಲೇ ಶ್ವೇತಾ, "ಬ್ಯಾಡ್ರಿ, ಯಾಕ್ ಒರಸಬೇಕು? ಆಂಟಿ, ಒಂದು ಸ್ಟಿಕರ್ ಬೊಟ್ಟು ಕೊಡ್ರಿ" ಎಂದರು. ಚೂಡಾಮಣಿ ಕೊಟ್ಟ ಕೆಂಪು ಬೊಟ್ಟನ್ನು ಆ ಸಣ್ಣ ಕಣ್ಣಿನ ಮೇಲೆ ಅಂಟಿಸಿದರು. ಎದುರಿಗೇ ಬೊಟ್ಟಿರುವುದರಿಂದ ಬೆಳಕು ಅಲ್ಲಿಂದಲೇ ತಿರುಗುತ್ತದೆ, ತೆರೆ ಆರುವುದಿಲ್ಲ. ಆಟ ಮುಗಿದ ಮೇಲೆ ನೆನಪಿಟ್ಟು ಸ್ವಿಚ್ ಆರಿಸಬೇಕು, ಅಷ್ಟೇ.

ರಾಯರು ಮತ್ತೆ ಹಾಕಿಕೊಂಡರು. ಅವರ ಬಾಯಿ ನಿಧಾನಕ್ಕೆ ತೆರೆದುಕೊಂಡಿತು. ಕೈ ತಾನಾಗಿ ಸ್ಟಿಯರಿಂಗ್ ಎಳೆಯಿತು. "ಎದ್ದಿತು! ಚೂಡಾ, ಎದ್ದಿತು ಕಣೇ!"

ರವಿಕಿರಣ್ ಹತ್ತು ನಿಮಿಷ ಮಾನಿಟರ್ ನೋಡಿದರು. "ಸಖತ್ತಾಗಿದೆ. ಇದೇ ಹೆಡ್‌ಸೆಟ್, ಇದೇ ವಿಂಡೋಸ್, ಎಂಟು ಸೆಟ್. ನಾಳೇನೇ ಆರ್ಡರ್ ಹಾಕಿ."

"ಆಗಂಗಿಲ್ರಿ ಸರ್."

"ಏನು?"

"ಈ ಹೆಡ್‌ಸೆಟ್ ಈಗ ಹೊಸಾದು ಸಿಗಂಗಿಲ್ಲ. ಇಂಟರ್ನೆಟ್ ಇಲ್ದ ಹಳೇ ವಿಂಡೋಸ್ ಮನ್ಯಾಗ ಒಬ್ರಿಗಾದ್ರ ನಡೀತೈತಿ, ಎಂಟು ಮಂದಿ ಕುಂಡ್ರೋ ಜಾಗಕ್ಕಲ್ಲ. ಅಲ್ಲಿಗೆ ಹೊಸ ವಿಂಡೋಸೇ ಬೇಕು, ಅದಕ್ಕ ಹೊಂದೋ ಹೆಡ್‌ಸೆಟ್ಟೇ ಬೇಕು. ಅದರಾಗ ಯಾವ್ದು ಅಂತ ಆ ಎಂಟು ಮಂದೀನ್ನ ನೋಡದ ನಾ ಹೇಳಂಗಿಲ್ಲ."

"ನಾಳೆ ಆರ್ಡರ್ ಹಾಕೋರು ಬೇರೆಯವರು ಇದ್ದಾರೆ ಮೇಡಂ. ಕೆಲಸ ಬೇಡ್ವಾ ನಿಮಗೆ?"

"ಬೇಕ್ರಿ. ಭಾಳ ಬೇಕು. ಆದ್ರ ನಾಳೆ ಒಬ್ರು ಹಾಕ್ಕೊಂಡು ಕಪ್ಪು ಅಂದ್ರ ಫೋನ್ ನನಗ ಬರತೈತಲ್ರಿ?"

"ಒಪ್ಕೊಂಡ್‌ಬಿಡಮ್ಮ!" ಹೆಡ್‌ಸೆಟ್ ತೆಗೆಯದೆ, ಎಲ್ಲೋ ಮೋಡಗಳ ನಡುವಿಂದ ರಾಯರು ಕೂಗಿದರು.

"ನೀವು ಸುಮ್ನೆ ಮುಂದೆ ನೋಡ್ಕೊಂಡು ಹಾರಿಸಿ" ಎಂದರು ಚೂಡಾಮಣಿ.

ರವಿಕಿರಣ್ ಬಾಲ್ಕನಿಗೆ ಹೋಗಿ ಫೋನಿನಲ್ಲಿ ಮಾತಾಡಿದರು. ಶ್ವೇತಾ ಬಾಗಿಲಿಗೆ ಬೆನ್ನು ಹಾಕಿ, ಬೇಕಿಲ್ಲದಿದ್ದರೂ ಕೇಬಲ್ ಸುತ್ತತೊಡಗಿದರು. ರವಿಕಿರಣ್ ವಾಪಸ್ ಬಂದು ಹೇಳಿದ್ದು ಇಷ್ಟೇ: "ಮಂಗಳವಾರ ಎಂಟೂ ಜನ ಬರ್ತಾರೆ, ನಿಮ್ಮ ಅಳತೆ ತಗೊಳ್ಳಿ. ಅವರಿಗೆ ಏನಾದ್ರೂ ಹೇಳ್ಬೇಕಾ?"

"ದಿನಾ ಹೆಂಗ್ ಇರ್ತಾರೋ ಹಂಗ ಬರಾಕ ಹೇಳ್ರಿ ಸರ್" ಎಂದರು ಶ್ವೇತಾ. "ಕನ್ನಡಕ, ಜಡಿ, ಹಣಿ ಮ್ಯಾಲಿಂದು, ಏನೂ ತಗೀಬ್ಯಾಡ್ರಿ ಅನ್ರಿ. ಮನುಷ್ಯಾರು ಹೆಂಗದಾರೋ ಹಂಗ ಬಂದು ಕುಂತ್ರ ಅದು ಹಾರಬೇಕು. ಹಾರಸೂದು ನನ್ ಕೆಲ್ಸ."